ಹಿಮ ಬೀಳದ ಊರಲ್ಲಿ ಹಿಮ ಬಿದ್ದರೆ ಮನೆಯೊಳಗೆ ದಿನ ಕಳೆಯುವುದು ಹೇಗೆ?

2021ರ ಫೆಬ್ರುವರಿ 15, ಸೋಮವಾರ. ಬೆಳಗಿನ ಜಾವ ಎರಡು ಗಂಟೆ ದಾಟಿತ್ತು. ಟೆಕ್ಸಾಸ್‌ನ ಆಸ್ಟಿನ್ ನಗರದ ನಮ್ಮ ಮನೆಯಲ್ಲಿ ಹೀಟರ್‌ನ ಸದ್ದು ನಿಂತಿತು. ಆ ಸದ್ದು ನಿಂತಿದ್ದಕ್ಕೇ ನನಗೆ ಎಚ್ಚರವಾಯಿತು. ಹೊರಗೆ ಅರ್ಧ ಅಡಿ ಹಿಮ. ಒಳಗೆ ನಾನು, ನನ್ನ ಗಂಡ, ಆರು ವರ್ಷದ ಮಗ. ಜೊತೆಗೆ ತೀರ್ಥಹಳ್ಳಿಯಿಂದ ಬಂದು, ಕೋವಿಡ್‌ನಿಂದಾಗಿ ವಾಪಸ್ ಹೋಗಲಾಗದೆ ಉಳಿದಿದ್ದ ಅಮ್ಮ. ಕರೆಂಟ್ ಮತ್ತೆ ಬಂದದ್ದು ಗುರುವಾರ.

ಅರ್ಧ ಅಡಿ ಹಿಮ ಚಿಕಾಗೋದವರಿಗೆ ಲೆಕ್ಕಕ್ಕೇ ಇಲ್ಲ. ಅಲ್ಲಿ ಹಿಮ ಗೋರುವ ಲಾರಿಗಳಿವೆ, ಮನೆಗಳನ್ನು ಚಳಿಗೆಂದೇ ಕಟ್ಟಿರುತ್ತಾರೆ. ಟೆಕ್ಸಾಸ್‌ನ ಮನೆ ಬಿಸಿಲಿಗೆಂದು ಕಟ್ಟಿದ್ದು. ಎಷ್ಟೋ ಮನೆಗಳಲ್ಲಿ ನೀರಿನ ಪೈಪು ಅಟ್ಟದಲ್ಲಿ, ಹೊರಗೋಡೆಯೊಳಗೆ ಹಾದುಹೋಗಿರುತ್ತದೆ. ಆ ವಾರ ಡಲ್ಲಾಸ್‌ನಲ್ಲಿ ಮೈನಸ್ 19 ಡಿಗ್ರಿಗೆ ಇಳಿಯಿತು. ಗ್ಯಾಸ್ ಬಾವಿಗಳು ಹೆಪ್ಪುಗಟ್ಟಿದವು, ವಿದ್ಯುತ್ ಸ್ಥಾವರಗಳು ಒಂದೊಂದಾಗಿ ನಿಂತವು. ಟೆಕ್ಸಾಸ್‌ನ ವಿದ್ಯುತ್ ಜಾಲ ಅಕ್ಕಪಕ್ಕದ ರಾಜ್ಯಗಳ ಜಾಲಕ್ಕೆ ಸೇರಿಲ್ಲ, ಹಾಗಾಗಿ ಹೊರಗಿಂದ ಜಾಸ್ತಿ ತರಿಸಿಕೊಳ್ಳಲೂ ಆಗಲಿಲ್ಲ. 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಾದವು. ಸರ್ಕಾರದ ಲೆಕ್ಕದಲ್ಲೇ 246 ಜನ ಸತ್ತರು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಚಳಿ.

ಇದು ಒಂದು ಸಲದ ಕಥೆಯಲ್ಲ. 2023ರ ಫೆಬ್ರುವರಿಯಲ್ಲಿ ಆಸ್ಟಿನ್‌ನಲ್ಲಿ ಮಂಜುಗಡ್ಡೆಯ ಭಾರಕ್ಕೆ ಮರಗಳು ಮುರಿದು ತಂತಿಗಳ ಮೇಲೆ ಬಿದ್ದವು. 2025ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸ್‌ನಂಥ ಸೆಕೆಯ ಊರಲ್ಲಿ 8 ಇಂಚು ಹಿಮ ಬಿತ್ತು. ಆಸ್ಟಿನ್, ಡಲ್ಲಾಸ್, ಹ್ಯೂಸ್ಟನ್‌ಗಳಲ್ಲಿ ಕನ್ನಡದ ಮನೆಗಳು ಬಹಳ. ಮಗಳ ಬಾಣಂತನಕ್ಕೆಂದು ಚಳಿಗಾಲದಲ್ಲೇ ಅಲ್ಲಿಗೆ ಹೊರಡುವ ಅಮ್ಮಂದಿರೂ ಬಹಳ. ಅವರಿಗೂ ಅವರ ಮಕ್ಕಳಿಗೂ ಇದನ್ನು ಬರೆಯುತ್ತಿದ್ದೇನೆ.

ಮುನ್ಸೂಚನೆ ಬಂದ ದಿನವೇ

ಬಿರುಗಾಳಿಯ ಸುದ್ದಿ ಎರಡು ಮೂರು ದಿನ ಮೊದಲೇ ಬರುತ್ತದೆ. ಆಗ ಎಲ್ಲರೂ ಹಾಲು, ಬ್ರೆಡ್ಡಿಗೆ ಅಂಗಡಿಗೆ ಓಡುತ್ತಾರೆ. ನೀವು ಮೊದಲು ಮನೆಯ ನೀರಿನ ಮುಖ್ಯ ವಾಲ್ವ್ ಎಲ್ಲಿದೆ ಎಂದು ಹುಡುಕಿ. ಟೆಕ್ಸಾಸ್‌ನಲ್ಲಿ ಅದು ಸಾಮಾನ್ಯವಾಗಿ ಮನೆ ಮುಂದೆ, ರಸ್ತೆ ಬದಿಯ ನೆಲದಲ್ಲಿ, ಮೀಟರ್ ಇರುವ ಮುಚ್ಚಳದ ಕೆಳಗೆ ಇರುತ್ತದೆ. ತಿರುಗಿಸಲು ಉದ್ದನೆಯ ಕೀಲಿ ಬೇಕು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಒಮ್ಮೆ ತಿರುಗಿಸಿ ನೋಡಿಬಿಡಿ. ನಾವು ನೋಡಿರಲಿಲ್ಲ. ಬೇಕಾದ ಹೊತ್ತಿಗೆ ಆ ಮುಚ್ಚಳ ಹಿಮದಡಿ ಎಲ್ಲಿದೆ ಎಂದೇ ತಿಳಿಯದೆ, ಗಂಡ ಮುಕ್ಕಾಲು ಗಂಟೆ ಅಡುಗೆಮನೆಯ ಸೌಟಿನಿಂದ ಕೆದಕಿದರು.

ಆಮೇಲೆ ಬಾತ್‌ಟಬ್ ತುಂಬಿಸಿ. ಅದರ ಬಿರಡೆ ರಾತ್ರಿಯೆಲ್ಲ ಸೋರುತ್ತದೆ, ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಿ. ಇದು ಟಾಯ್ಲೆಟ್‌ಗೆ. ಕುಡಿಯಲು ಬೇರೆ ಪಾತ್ರೆಗಳಲ್ಲಿ ಹಿಡಿದಿಡಿ. ಕೊಡ, ಕುಕ್ಕರ್, ಚೊಂಬು, ಎಲ್ಲ ತುಂಬಲಿ. ತೋಟದ ನಲ್ಲಿಯಿಂದ ಕೊಳವೆ ಬಿಚ್ಚಿ, ನಲ್ಲಿಗೆ ಹಳೆ ಟವೆಲ್ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿ. ಫೋನ್, ಟಾರ್ಚ್, ಪವರ್‌ಬ್ಯಾಂಕ್ ಚಾರ್ಜ್ ಮಾಡಿ. ಬಟ್ಟೆ ಒಗೆದು ಒಣಗಿಸಿಕೊಳ್ಳಿ.

ಗ್ಯಾಸ್ ಹೀಟರ್ ಇದೆ, ಕರೆಂಟ್ ಹೋದರೂ ನಡೆಯುತ್ತದೆ ಎಂದು ನಂಬಬೇಡಿ. ಉರಿ ಗ್ಯಾಸಿನದ್ದಾದರೂ ಬಿಸಿಗಾಳಿ ತಳ್ಳುವ ಫ್ಯಾನ್‌ಗೆ ಕರೆಂಟ್ ಬೇಕು.

ಕರೆಂಟ್ ಹೋದ ಮೇಲೆ: ಎಲ್ಲರೂ ಒಂದೇ ಕೋಣೆಗೆ

ಮೊದಲ ಗಂಟೆಯಲ್ಲಿ ಎಲ್ಲರೂ "ಈಗ ಬರುತ್ತೆ ಬಿಡು" ಎನ್ನುತ್ತಾರೆ. ನಾವೂ ಹಾಗೇ ಅಂದುಕೊಂಡೆವು. ಸರದಿ ಪ್ರಕಾರ ಸ್ವಲ್ಪ ಹೊತ್ತು ತೆಗೆದು ಮತ್ತೆ ಕೊಡುತ್ತಾರೆ ಎಂಬ ಸುದ್ದಿ ಇತ್ತು. ಆದರೆ ಆಸ್ಪತ್ರೆಯಂಥ ಜಾಗಗಳಿರುವ ಲೈನ್ ತೆಗೆಯುವ ಹಾಗಿಲ್ಲ. ಉಳಿದ ಲೈನ್‌ಗಳನ್ನೆಲ್ಲ ತೆಗೆದರೂ ಕೊರತೆ ಮುಗಿಯಲಿಲ್ಲ. ಸರದಿ ತಿರುಗಲೇ ಇಲ್ಲ. ಹಾಗಾಗಿ ಮನೆ ಇನ್ನೂ ಬೆಚ್ಚಗಿರುವಾಗಲೇ ಕೆಲಸ ಶುರು ಮಾಡಿ.

ಮನೆಯಲ್ಲಿ ಅತಿ ಚಿಕ್ಕ ಕೋಣೆ ಆರಿಸಿ. ಕಿಟಕಿ ಕಡಿಮೆ ಇರಬೇಕು. ಬಾಗಿಲ ಸಂದಿಗೆ ಟವೆಲ್ ತುರುಕಿ, ಕಿಟಕಿಗೆ ಕಂಬಳಿ ತೂಗುಹಾಕಿ. ಬಿಸಿಲು ಬೀಳುವ ಕಿಟಕಿಯ ಪರದೆ ಹಗಲು ತೆರೆದಿಡಿ, ಸಂಜೆ ಮುಚ್ಚಿ. ಹಾಸಿಗೆಗಳನ್ನು ಒಟ್ಟಿಗೆ ಸೇರಿಸಿ ಹಾಕಿ. ಮೇಲೆ ಹೊದೆಯುವಷ್ಟೇ ಮುಖ್ಯ ಕೆಳಗೆ ಹಾಸುವುದು, ನೆಲ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ನಾವು ಜಮಖಾನ, ಯೋಗದ ಚಾಪೆ, ಸೋಫಾ ದಿಂಬು ಎಲ್ಲವನ್ನೂ ಹಾಸಿದೆವು. ಊಟದ ಮೇಜಿನ ಮೇಲೆ ರಜಾಯಿ ಇಳಿಬಿಟ್ಟು ಮಗನಿಗೊಂದು ಗೂಡು ಮಾಡಿದೆವು. ಅದರೊಳಗೆ ನಿಜಕ್ಕೂ ಬೆಚ್ಚಗಿತ್ತು.

ಒಂದು ದಪ್ಪ ಜಾಕೆಟ್‌ಗಿಂತ ಮೂರು ತೆಳು ಬಟ್ಟೆ ಒಳ್ಳೆಯದು. ಬೆವರಿಗೋ ನೀರಿಗೋ ಒದ್ದೆಯಾದದ್ದನ್ನು ತಕ್ಷಣ ಬದಲಿಸಿ. ತಲೆಗೆ ಟೋಪಿ, ಕಾಲಿಗೆ ಕಾಲುಚೀಲ ರಾತ್ರಿಯೂ ಇರಲಿ. ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ ಟವೆಲ್ ಸುತ್ತಿ ಹಾಸಿಗೆಯಲ್ಲಿಟ್ಟರೆ ಎರಡು ಮೂರು ಗಂಟೆ ಹಿತವಾಗಿರುತ್ತದೆ.

ವಯಸ್ಸಾದವರ ಮೇಲೆ ಕಣ್ಣಿಡಿ. ಅವರು "ನಂಗೇನೂ ಆಗಿಲ್ಲ" ಎಂದೇ ಹೇಳುತ್ತಾರೆ. ಮಾತು ತೊದಲಿದರೆ, ಗೊಂದಲವಾದರೆ, ನಡುಗುತ್ತಿದ್ದವರು ಚಳಿ ಹಾಗೇ ಇದ್ದರೂ ನಡುಗುವುದನ್ನು ನಿಲ್ಲಿಸಿದರೆ, ಅದು ಅಪಾಯ. ಅಮೆರಿಕದ ತುರ್ತು ಸಹಾಯದ ನಂಬರ್ 911ಕ್ಕೆ ಕರೆ ಮಾಡಿ. ಎದೆ, ಕುತ್ತಿಗೆ, ಹೊಟ್ಟೆಯ ಭಾಗವನ್ನು ಮೊದಲು ಬೆಚ್ಚಗೆ ಮಾಡಿ, ಕೈಕಾಲು ತಿಕ್ಕಬೇಡಿ. ಎಚ್ಚರವಿದ್ದರೆ ಬಿಸಿ ಸಿಹಿ ಪಾನೀಯ ಕೊಡಿ. ಮದ್ಯ ಬೇಡವೇ ಬೇಡ. ಹಸುಗೂಸಿನ ಮೇಲೆ ರಾಶಿ ಹೊದಿಕೆ ಹಾಕಬೇಡಿ, ಉಸಿರು ಕಟ್ಟೀತು. ಎಚ್ಚರವಿರುವ ಒಬ್ಬರು ಸರದಿಯಲ್ಲಿ ಎದೆಗವಚಿಕೊಂಡು ಕೂರುವುದು ವಾಸಿ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಹೆಪ್ಪುಗಟ್ಟಲು ಬಿಡಬಾರದು, ಒಮ್ಮೆ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ಒಳಜೇಬಿನಲ್ಲಿಡಿ.

ಒಳಗೆ ಬೆಂಕಿ ಬೇಡ

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಎರಡನೇ ರಾತ್ರಿ ಅಮ್ಮ ಕೈ ಉಜ್ಜಿಕೊಳ್ಳುತ್ತಾ ಹೇಳಿದರು: "ಒಂದು ಅಗ್ಗಿಷ್ಟಿಕೆ ಇದ್ದಿದ್ರೆ ಇಷ್ಟೊತ್ತಿಗೆ ಕೋಣೆ ಬೆಚ್ಚಗಾಗ್ತಿತ್ತು ಕಣೇ." ನಮ್ಮ ಹಿತ್ತಿಲಲ್ಲಿ ಮಾಂಸ ಸುಡುವ ಇದ್ದಿಲ ಒಲೆಯೂ ಇತ್ತು, ಒಂದು ಚೀಲ ಇದ್ದಿಲೂ ಇತ್ತು. ನಾನು ಒಂದು ಕ್ಷಣ ಯೋಚಿಸಿದೆ. ನಾನು ಹುಟ್ಟಿದಾಗ ಬಾಣಂತಿ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟೇ ನಮ್ಮಿಬ್ಬರನ್ನೂ ಕಾಪಾಡಿದ್ದರು. ಮಲೆನಾಡಿನ ಮಳೆಗಾಲದಲ್ಲಿ ಅದು ಎಲ್ಲ ಮನೆಯ ಪದ್ಧತಿ.

ಆದರೆ ಆ ಮನೆ ಬೇರೆ. ಹಂಚಿನ ಮಾಡು, ಬಾಗಿಲ ಕೆಳಗೆ ಸಂದಿ, ಗೋಡೆ ಮೇಲೆ ಗವಾಕ್ಷಿ. ಕೆಂಡದ ಗಾಳಿ ಹೊರಗೆ ಹೋಗಲು ಹತ್ತು ದಾರಿ. ಅಲ್ಲೂ ಅದರಿಂದ ಅಪಾಯ ಇಲ್ಲದೇ ಇರಲಿಲ್ಲ. ಅಮೆರಿಕದ ಮನೆ ಮುಚ್ಚಿದ ಡಬ್ಬಿಯ ಹಾಗೆ, ಅದರ ಮೇಲೆ ನಾವೇ ಸಂದಿಗೆ ಟವೆಲ್ ತುರುಕಿರುತ್ತೇವೆ. ಅಲ್ಲಿ ಕೆಂಡ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಮಲಗಿದ್ದವರು ಏಳುವುದಿಲ್ಲ. 2021ರ ಆ ವಾರ ಟೆಕ್ಸಾಸ್‌ನಲ್ಲಿ ಚಳಿ ತಾಳದೆ ಮನೆಯೊಳಗೆ ಇದ್ದಿಲು ಉರಿಸಿ, ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿ ಸತ್ತವರಿದ್ದಾರೆ. ನೂರಾರು ಜನ ಆಸ್ಪತ್ರೆ ಸೇರಿದರು.

ಆದ್ದರಿಂದ ಇದ್ದಿಲು, ಕೆಂಡ, ಸೀಮೆಎಣ್ಣೆ ಒಲೆ, ಕ್ಯಾಂಪಿಂಗ್ ಸ್ಟವ್ ಒಳಗೆ ಬೇಡ. ಬಾಣಂತಿಗೆ ಸಾಂಬ್ರಾಣಿಯ ಕೆಂಡವೂ ಬೇಡ. ಜನರೇಟರ್ ಇದ್ದರೆ ಮನೆಯಿಂದ ಕನಿಷ್ಠ 20 ಅಡಿ ದೂರ, ಬಾಗಿಲು ಕಿಟಕಿಗಳಿಂದಾಚೆ. ಗ್ಯಾರೇಜಿನ ಬಾಗಿಲು ತೆರೆದಿದ್ದರೂ ಅಲ್ಲಿ ಕಾರು ಚಾಲೂ ಮಾಡಬೇಡಿ. ಅಡುಗೆಯ ಗ್ಯಾಸ್ ಒಲೆಯನ್ನು ಬೆಂಕಿಕಡ್ಡಿಯಿಂದ ಹಚ್ಚಿ ಅಡುಗೆ ಮಾಡಿ, ಮುಗಿದ ಕೂಡಲೇ ಆರಿಸಿ. ಕೋಣೆ ಬೆಚ್ಚಗೆ ಮಾಡಲು ಅದನ್ನು ಉರಿಸಬೇಡಿ. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಮನೆಯಲ್ಲಿರಲಿ. ಮನೆಯ ಎಲ್ಲರಿಗೂ ಒಟ್ಟಿಗೆ ತಲೆನೋವು, ತಲೆಸುತ್ತು, ವಾಂತಿ ಬಂದರೆ ಜ್ವರ ಎಂದು ಸುಮ್ನೆ ಮಲಗಬೇಡಿ. ಚಳಿಯಿದ್ದರೂ ಎಲ್ಲರೂ ಹೊರಗೆ ಹೋಗಿ 911ಕ್ಕೆ ಕರೆ ಮಾಡಿ.

ಅಮ್ಮನಿಗೆ ನಾನು ಇಷ್ಟೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಬೇಡ, ಆ ಬಾಟ್ಲಿಗೆ ಇನ್ನೊಂದ್ಸಲ ಬಿಸಿನೀರು ತುಂಬು" ಎಂದರು.

ಪೈಪು ಒಡೆಯದಂತೆ

ನೀರು ಮಂಜುಗಡ್ಡೆಯಾದಾಗ ಸುಮಾರು ನೂರಕ್ಕೆ 9ರಷ್ಟು ಹಿಗ್ಗುತ್ತದೆ. ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡ ಏರಿ ಪೈಪು ಸೀಳುತ್ತದೆ. ಅದಕ್ಕೇ ನಲ್ಲಿಗಳನ್ನು ತೊಟ್ಟಿಕ್ಕಲು ಬಿಡಬೇಕು, ಬಿಸಿ ಮತ್ತು ತಣ್ಣೀರು ಎರಡನ್ನೂ. ಒತ್ತಡಕ್ಕೆ ಹೊರಹೋಗಲು ದಾರಿ ಸಿಗುತ್ತದೆ. ಸಿಂಕ್ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ, ಒಳಗಿನ ಬೆಚ್ಚನೆ ಗಾಳಿ ಪೈಪಿಗೆ ತಾಗಲಿ.

ಕರೆಂಟ್ ಹೋಗಿ ಮನೆ ತೀರಾ ತಣ್ಣಗಾಗುತ್ತಿದ್ದರೆ ತೊಟ್ಟಿಕ್ಕುವುದು ಸಾಲದು. ಮುಖ್ಯ ವಾಲ್ವ್ ಬಂದ್ ಮಾಡಿ, ಎಲ್ಲ ನಲ್ಲಿ ತೆರೆದು ಪೈಪಿನ ನೀರು ಖಾಲಿ ಮಾಡಿ. ಮೊದಲು ವಾಟರ್ ಹೀಟರ್‌ನ ಸ್ವಿಚ್ ಆರಿಸಿ. ನೀರಿಲ್ಲದೆ ಅದು ಕಾದರೆ ಒಳಗಿನ ಕಾಯಿಲ್ ಸುಟ್ಟುಹೋಗುತ್ತದೆ. ನಮ್ಮ ಪಕ್ಕದ ಮನೆಯವರು ನೀರು ಬಂದ್ ಮಾಡಿರಲಿಲ್ಲ. ಬುಧವಾರ ಅವರ ಅಟ್ಟದ ಪೈಪು ಒಡೆದು ಹಾಲ್‌ನ ಸೀಲಿಂಗ್ ಪೂರ್ತಿ ಕೆಳಗೆ ಬಿತ್ತು.

ಊಟ, ನೀರು

ಮುಚ್ಚಿದ ಫ್ರಿಜ್ ಸುಮಾರು 4 ಗಂಟೆ ತಣ್ಣಗಿರುತ್ತದೆ, ತುಂಬಿದ ಫ್ರೀಜರ್ 48 ಗಂಟೆ. ಹೊರಗೆ ಹಿಮ ಇದೆಯಲ್ಲ ಎಂದು ಹಾಲನ್ನು ಅಂಗಳದಲ್ಲಿಡಬೇಡಿ, ಮಧ್ಯಾಹ್ನದ ಬಿಸಿಲು ಬಿದ್ದರೆ ಕೆಡುತ್ತದೆ. ಡಬ್ಬಿಗಳಲ್ಲಿ ನೀರು ತುಂಬಿ ಹೊರಗಿಟ್ಟು, ಗಡ್ಡೆಯಾದ ಮೇಲೆ ಫ್ರಿಜ್ ಒಳಗಿಡಿ. ಒಲೆಯೇ ಇಲ್ಲದಿದ್ದರೆ ಅವಲಕ್ಕಿಗಿಂತ ಒಳ್ಳೆಯ ಗೆಳೆಯ ಇಲ್ಲ. ಚಟ್ನಿಪುಡಿ, ಎಣ್ಣೆ, ಉಪ್ಪು ಹಾಕಿ ಕಲಸಿದರೆ ಊಟ. ಹುರಿಗಡಲೆ, ಶೇಂಗಾ, ಬೆಲ್ಲ ಇದ್ದರೆ ಮೈಗೆ ಶಾಖವೂ ಬರುತ್ತದೆ.

ನಲ್ಲಿಯಲ್ಲಿ ನೀರು ಬಂದರೂ ಕುಡಿಯಲು ಯೋಗ್ಯವೇ ಎಂದು ಕೇಳಿಕೊಳ್ಳಿ. ಆಸ್ಟಿನ್‌ನಲ್ಲಿ ಫೆಬ್ರುವರಿ 17ರಿಂದ 23ರವರೆಗೆ ಕುದಿಸಿಯೇ ಕುಡಿಯಬೇಕೆಂಬ ಆದೇಶ ಇತ್ತು. ಕೊತಕೊತ ಕುದಿಯಲು ಶುರುವಾದ ಮೇಲೆ 1 ನಿಮಿಷ ಬಿಡಿ. ಹಿಮ ಕರಗಿಸಿದ ನೀರು ಟಾಯ್ಲೆಟ್‌ಗೆ ಸಾಕು. ಅರ್ಧ ಬಕೆಟ್ ನೀರನ್ನು ಒಂದೇ ಸಲಕ್ಕೆ ಜೋರಾಗಿ ಸುರಿಯಿರಿ.

ಕಾರು ತೆಗೆಯಬೇಡಿ

ಹೀಗೆ ಅಪರೂಪಕ್ಕೆ ಹಿಮ ಬೀಳುವ ಊರಲ್ಲಿ ರಸ್ತೆಗೆ ಉಪ್ಪು ಹಾಕುವವರು ಕಡಿಮೆ, ಟಯರ್‌ಗಳೂ ಅದಕ್ಕೆ ತಕ್ಕವಲ್ಲ. ಸೇತುವೆ, ಫ್ಲೈಓವರ್‌ಗಳು ಮೊದಲು ಹೆಪ್ಪುಗಟ್ಟುತ್ತವೆ. 2021ರ ಫೆಬ್ರುವರಿ 11ರ ಬೆಳಿಗ್ಗೆ ಫೋರ್ಟ್‌ವರ್ತ್‌ನ ಹೆದ್ದಾರಿಯಲ್ಲಿ 130ಕ್ಕೂ ಹೆಚ್ಚು ವಾಹನಗಳು ಒಂದಕ್ಕೊಂದು ಗುದ್ದಿ 6 ಜನ ಸತ್ತರು. ರಸ್ತೆ ಸುಮ್ನೆ ಒದ್ದೆಯಾದ ಹಾಗೆ ಕಾಣುತ್ತದೆ, ಅಷ್ಟೆ. ಫೋನ್ ಚಾರ್ಜ್ ಮಾಡಲು ಕಾರಿನಲ್ಲಿ ಕೂರುವುದಾದರೆ ಬಯಲಲ್ಲಿ ನಿಲ್ಲಿಸಿ, ಹೊಗೆಕೊಳವೆಗೆ ಅಡ್ಡವಾದ ಹಿಮವನ್ನು ಮೊದಲು ತೆಗೆಯಿರಿ.

ಊರಿನ ಬಂಧುಗಳಿಗೆ ದಿನಕ್ಕೊಮ್ಮೆ ಒಂದೇ ಮೆಸೇಜ್ ಸಾಕು. ವಿಡಿಯೋ ಕಾಲ್‌ನಲ್ಲಿ ಬ್ಯಾಟರಿ ಖಾಲಿಯಾದರೆ ಆಮೇಲೆ 911ಕ್ಕೂ ಕರೆ ಮಾಡಲಾಗದು.

ಕರೆಂಟ್ ಬಂದಾಗ

ಹೀಟರ್, ಒಲೆ, ಫ್ರಿಜ್ ಎಲ್ಲದರ ಸ್ವಿಚ್ ಮೊದಲೇ ಆರಿಸಿಟ್ಟಿರಿ, ಒಂದು ಬಲ್ಬ್ ಮಾತ್ರ ಹಾಕಿಡಿ. ಬಂದದ್ದು ಅದರಿಂದ ತಿಳಿಯುತ್ತದೆ. ಆಮೇಲೆ ಒಂದೊಂದಾಗಿ ಹಾಕಿ.

ನೀರಿನ ವಿಷಯದಲ್ಲಿ ಆತುರ ಬೇಡ. ಹೆಪ್ಪುಗಟ್ಟಿದಾಗ ಸೀಳಿದ ಪೈಪು ಸೋರುವುದು ಗಡ್ಡೆ ಕರಗಿದ ಮೇಲೆ. ಹೆಪ್ಪುಗಟ್ಟಿದ ಪೈಪಿಗೆ ಉರಿ ಹಿಡಿಯಬೇಡಿ. ನಲ್ಲಿ ತೆರೆದಿಟ್ಟು, ಕೂದಲು ಒಣಗಿಸುವ ಡ್ರೈಯರ್‌ನಿಂದ ನಲ್ಲಿಯ ಕಡೆಯಿಂದ ನಿಧಾನವಾಗಿ ಬಿಸಿ ಮಾಡುತ್ತಾ ಹೋಗಿ. ನಂತರ ವಾಲ್ವ್ ಬಳಿ ಒಬ್ಬರು, ಮನೆಯೊಳಗೆ ಒಬ್ಬರು ನಿಲ್ಲಿ. ವಾಲ್ವನ್ನು ಕಾಲು ಸುತ್ತು ತಿರುಗಿಸಿ ನಿಲ್ಲಿಸಿ. ನಮ್ಮಲ್ಲಿ ಗಂಡ ಹೊರಗೆ ಕೂತಿದ್ದರು. ನಾನು, ಅಮ್ಮ, ಮಗ ಮೂವರೂ ಬೇರೆ ಬೇರೆ ಕೋಣೆಯಲ್ಲಿ ಗೋಡೆಗೆ ಕಿವಿಯಿಟ್ಟು ನಿಂತೆವು. ಸ್ನಾನದ ಮನೆಯ ಗೋಡೆಯೊಳಗೆ ಸಣ್ಣಗೆ ಸೀ ಎನ್ನುವ ಸದ್ದು ಮೊದಲು ಕೇಳಿಸಿದ್ದು ಅಮ್ಮನಿಗೆ. ಅವರು ಕೂಗಿದರು, ಗಂಡ ವಾಲ್ವ್ ಮುಚ್ಚಿದರು. ಪ್ಲಂಬರ್ ಸಿಕ್ಕಿದ್ದು ಹನ್ನೊಂದು ದಿನದ ಮೇಲೆ. ಅಲ್ಲಿಯವರೆಗೂ ಬೆಳಿಗ್ಗೆ ಎದುರು ಮನೆಯಿಂದ ಎರಡು ಬಕೆಟ್, ಸಂಜೆ ಎರಡು ಬಕೆಟ್ ನೀರು ತಂದುಕೊಂಡೆವು.