ಮೊದಲು ಬಿಗಿಯಾಗಿದ್ದು ಬಳೆ

ನಾನು ಚಿಕ್ಕಮಗಳೂರಿನಲ್ಲಿ ಫಿಸಿಯೋಥೆರಪಿಸ್ಟ್. ಸೊಂಟನೋವು, ಮಂಡಿನೋವಿನವರೇ ಜಾಸ್ತಿ. ಕೈ ಊದಿಕೊಂಡು ಬರುವವರು ಕಡಿಮೆ, ಬಂದರೂ ತಡವಾಗಿ ಬರುತ್ತಾರೆ.

ಮೂಡಿಗೆರೆ ಕಡೆಯ ಕಾಫಿ ತೋಟದ ಲೈನ್ ಮನೆಯಿಂದ ಒಬ್ಬರು ಬಂದಿದ್ದರು. ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಎರಡು ವರ್ಷ. ಆಗ ಬಲ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರು. "ಮೊದ್ಲು ಬಳೆ ಬಿಗಿ ಆಯ್ತು ಮೇಡಂ, ಆಮೇಲೆ ರವಿಕೆ ತೋಳು" ಅಂದರು. ಇದು ಲಿಂಫೆಡೀಮಾ: ಗ್ರಂಥಿ ತೆಗೆದ ಕಡೆ ಲಿಂಫ್ ಅನ್ನೋ ದೇಹದ ತಿಳಿನೀರು ಸರಿಯಾಗಿ ಹರಿಯದೆ ಕೈ ಊದುವ ಕಾಯಿಲೆ. ಶುರುವಾಗುವುದೇ ಹಾಗೆ. ಬೇರೆ ಕಡೆ ನೀರಿಳಿಯುವ ಮಾತ್ರೆ ಕೊಟ್ಟಿದ್ದರಂತೆ. ಬಚ್ಚಲಿಗೆ ಓಡಿದ್ದಷ್ಟೇ ಲಾಭ. ಇಲ್ಲಿ ನೀರಿನ ಜತೆ ಪ್ರೋಟೀನೂ ಚರ್ಮದಡಿ ನಿಂತಿರುತ್ತದೆ, ಅದಕ್ಕೆ ಆ ಮಾತ್ರೆ ಸಾಲದು.

ಬೆರಳಿನ ಬುಡದ ಚರ್ಮ ಚಿವುಟಿ ನೋಡಿದೆ. ಎಡಗೈಯಲ್ಲಿ ಸಲೀಸಾಗಿ ಎದ್ದಿತು, ಬಲಗೈಯಲ್ಲಿ ಏಳಲೇ ಇಲ್ಲ. ಟೈಲರ್ ಟೇಪು ಹಿಡಿದು ಮಣಿಕಟ್ಟಿನಿಂದ 4 ಸೆಂಟಿಮೀಟರಿಗೊಂದು ಗುರುತು ಹಾಕಿ ಎರಡೂ ಕೈ ಅಳೆದೆ. ಎರಡೂ ಕೈಗೆ 2 ಸೆಂಟಿಮೀಟರ್ ವ್ಯತ್ಯಾಸ ಇದ್ದರೇ ಲಿಂಫೆಡೀಮಾ ಅಂತ ನೋಡುತ್ತೇವೆ, ಇವರದು 5. ಕ್ಯಾನ್ಸರ್ ಮರುಕಳಿಸಿಲ್ಲ, ರಕ್ತ ಹೆಪ್ಪುಗಟ್ಟಿಲ್ಲ ಅಂತ ಅವರ ಡಾಕ್ಟರು ಹೇಳಿದ ಮೇಲೇ ಕೈ ಹಚ್ಚಿದ್ದು. ದೊಡ್ಡ ಆಸ್ಪತ್ರೆಗಳಲ್ಲಿ ಈಗ ಹಸಿರು ಬಣ್ಣದ ಇಂಜೆಕ್ಷನ್ ಕೊಟ್ಟು, ವಿಶೇಷ ಕ್ಯಾಮೆರಾದಲ್ಲಿ ಲಿಂಫ್ ನಾಳಗಳನ್ನೇ ನೋಡುತ್ತಾರೆ. 1 ಮಿಲಿಮೀಟರಿಗಿಂತ ಸಣ್ಣ ನಾಳವನ್ನು ಸೂಕ್ಷ್ಮದರ್ಶಕದಡಿ ರಕ್ತನಾಳಕ್ಕೆ ಜೋಡಿಸುವ ಆಪರೇಷನ್ನೂ ಇದೆ. ಆದರೆ ಅದು ಮಾಡಿಸಿದರೂ ಬ್ಯಾಂಡೇಜು ಪೂರ್ತಿ ತಪ್ಪುತ್ತದೆ ಅಂತಿಲ್ಲ.

ನಾನು ಮಾಡಿದ್ದು ಮಸಾಜು ಮತ್ತು ಬ್ಯಾಂಡೇಜು. ಮಸಾಜು ಅಂದರೆ ಎಣ್ಣೆ ಹಾಕಿ ತಿಕ್ಕುವುದಲ್ಲ. ಚರ್ಮವನ್ನು ಹಗುರವಾಗಿ ಸರಿಸುವುದು, ಅದೂ ಊದಿದ ಕಡೆಯಿಂದಲ್ಲ. ಮೊದಲು ಕುತ್ತಿಗೆ, ಎಡ ಕಂಕುಳು. ಮುಂದಿನ ದಾರಿ ತೆರವಾದರೆ ತಾನೇ ಹಿಂದಿನ ನೀರು ಹರಿಯೋದು? ಆಮೇಲೆ ಹತ್ತಿ ಸುತ್ತಿ, ಅದರ ಮೇಲೆ ಜಾಸ್ತಿ ಹಿಗ್ಗದ ಬ್ಯಾಂಡೇಜು ಪದರ ಪದರವಾಗಿ. ಕ್ರೇಪ್ ಬ್ಯಾಂಡೇಜು ಸ್ನಾಯು ಉಬ್ಬಿದಾಗ ತಾನೂ ಹಿಗ್ಗಿಬಿಡುತ್ತದೆ. ಇದು ಹಿಗ್ಗದೆ ಎದುರು ಒತ್ತುತ್ತದೆ. ಹಾಗಾಗಿ ಕಟ್ಟಿಕೊಂಡೇ ಕೈ ಆಡಿಸಬೇಕು.

ಎರಡನೇ ದಿನ ನಾನೇ ಎಡವಟ್ಟು ಮಾಡಿದೆ. ಬಿಗಿತ ಅಂಗೈ ಕಡೆ ಹೆಚ್ಚಿದ್ದು ತೋಳಿಗೆ ಹೋಗುತ್ತಾ ಇಳಿಯಬೇಕು. ಮಾತಾಡ್ತಾ ಮಾತಾಡ್ತಾ ಮೇಲೆ ಬಿಗಿದುಬಿಟ್ಟಿದ್ದೆ. ಬೆಳಿಗ್ಗೆ ಬೆರಳುಗಳು ಊದಿ ಜುಮುಗುಡುತ್ತಿದ್ದವು. ಪುಣ್ಯಕ್ಕೆ ಅವರೇ ಬಿಚ್ಚಿದ್ದರು.

ಇದಕ್ಕಿಂತ ಕಷ್ಟವಾಗಿದ್ದು ಬಳೆ ತೆಗೆಸುವುದು. "ಮುತ್ತೈದೆ ಬರಿಗೈಲಿ ಇರಬಾರ್ದು" ಅಂತ ಅತ್ತೆ ಹಠ ಹಿಡಿದರು. ಅರ್ಧ ಗಂಟೆ ಮಾತಾಡಿ, ಬಲಗೈಯ ಬಳೆಗಳನ್ನೂ ಎಡಗೈಗೇ ಹಾಕಿಸಿದೆವು.

ಮೂರು ವಾರಕ್ಕೆ 5 ಇದ್ದದ್ದು 2ಕ್ಕೆ ಇಳಿಯಿತು. ಈಗ ಹಗಲು ಅಳತೆಗೆ ತಕ್ಕ ಬಿಗಿ ತೋಳುಚೀಲ, ರಾತ್ರಿ ಬ್ಯಾಂಡೇಜು. ಹಣ್ಣು ಕೊಯ್ಯುವಾಗ ಗ್ಲೌಸು, ಗೀರಿದರೆ ಸೋಪಿನಲ್ಲಿ ತೊಳೆಯುವುದು. ಕೈ ಕೆಂಪಾಗಿ ಜ್ವರ ಬಂದರೆ ಮಸಾಜು, ಬ್ಯಾಂಡೇಜು ಎಲ್ಲ ನಿಲ್ಲಿಸಿ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು ಅಂತ ಬರೆದುಕೊಟ್ಟಿದ್ದೇನೆ.

ಬ್ಯಾಂಡೇಜು ಸುತ್ತುವುದು ಈಗ ಗಂಡನ ಕೆಲಸ. ಮರಕ್ಕೆ ಮೆಣಸಿನ ಬಳ್ಳಿ ಕಟ್ಟಿ ಪಳಗಿದ ಕೈ. ಜಾರಲೂ ಬಾರದು, ಉಸಿರೂ ಕಟ್ಟಬಾರದು ಅನ್ನೋದು ಅವರಿಗೆ ನಾನು ಹೇಳಿಕೊಡಬೇಕಾಗಲಿಲ್ಲ.