ಹಳೇ ಫ್ರೀಕ್ವೆನ್ಸಿ ಕೌಂಟರ್ ಕೊಳ್ಳುವವರಿಗೆ: ಮೊದಲು ರೆಫರೆನ್ಸ್, ಆಮೇಲೆ ಅಂಕಿ

ಮೈಸೂರಿನಲ್ಲಿ ಹಳೇ ಅಳತೆ ಉಪಕರಣ ಹುಡುಕುವವರಿಗೆ ಮೂರು ದಾರಿ ಇವೆ: ಹೂಟಗಳ್ಳಿ, ಮೇಟಗಳ್ಳಿ ಕಡೆಯ ಕಾರ್ಖಾನೆಗಳ ಸಾಮಾನು ಬಂದು ಸೇರುವ ಗುಜರಿ ಅಂಗಡಿಗಳು, ಬೆಂಗಳೂರಿನ ಎಸ್.ಪಿ. ರಸ್ತೆ, ಮತ್ತು ಹೊರದೇಶದ ಆನ್‌ಲೈನ್ ಮಾರಾಟಗಾರರು. ಮೂರೂ ಕಡೆ ಕೊಂಡ ಅನುಭವದಿಂದ ಹೇಳುವುದಾದರೆ, ಫ್ರೀಕ್ವೆನ್ಸಿ ಕೌಂಟರ್ (ಸಿಗ್ನಲ್ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂದು ಎಣಿಸುವ ಯಂತ್ರ) ಕೊಳ್ಳುವ ಮೊದಲು ಒಂದು ಒಳ್ಳೆಯ 10 ಮೆಗಾಹರ್ಟ್ಸ್ ರೆಫರೆನ್ಸ್, ಅಂದರೆ ಹೋಲಿಸಿ ನೋಡಲು ನಂಬಬಹುದಾದ ಸಿಗ್ನಲ್, ಮಾಡಿಕೊಳ್ಳಿ. ಡಿಸ್‌ಪ್ಲೇಯಲ್ಲಿ ಹತ್ತು ಅಂಕಿ ಬಂದರೂ, ಒಳಗಿನ ಕ್ರಿಸ್ಟಲ್ (ಎಣಿಕೆಗೆ ತಾಳ ಕೊಡುವ ಭಾಗ) ಹತ್ತು ಲಕ್ಷಕ್ಕೆ ಒಂದರಷ್ಟು ತಪ್ಪಿದ್ದರೆ 10 ಮೆಗಾಹರ್ಟ್ಸ್‌ನಲ್ಲಿ 10 ಹರ್ಟ್ಸ್ ಹೋಯಿತು. ಕೊನೆಯ ನಾಲ್ಕು ಅಂಕಿ ಬರೀ ನೋಡೋಕೆ.

ರೆಫರೆನ್ಸ್‌ಗೆ ನಾನು ಬಳಸುವುದು ಟ್ರಿಂಬಲ್ ಥಂಡರ್‌ಬೋಲ್ಟ್, ಅಂದರೆ ಜಿಪಿಎಸ್ ಹಿಡಿದು ತಿದ್ದಿಕೊಳ್ಳುವ ಓವನ್ ಆಸಿಲೇಟರ್ (ಕ್ರಿಸ್ಟಲ್ಲನ್ನು ಒಂದೇ ಬಿಸಿಯಲ್ಲಿಟ್ಟು ಸಿಗ್ನಲ್ ಹುಟ್ಟಿಸುವ ಡಬ್ಬಿ; ಮುಂದೆ ಬರೀ ‘ಓವನ್’). ಇದಕ್ಕೆ +5, +12, −12 ವೋಲ್ಟ್ ಬೇಕು. ಹಳೇ ಕಂಪ್ಯೂಟರ್ ಎಸ್‌ಎಂಪಿಎಸ್‌ನಲ್ಲಿ ಮೂರೂ ಸಿಗುತ್ತವೆ, ಆದರೆ +12ರ ಗದ್ದಲ ನೇರವಾಗಿ ಆಸಿಲೇಟರ್‌ಗೆ ಹೋಗುತ್ತದೆ. ಆ ಒಂದಕ್ಕಾದರೂ ಲೀನಿಯರ್ ಸಪ್ಲೈ ಕೊಡಿ. ಆಂಟೆನಾ ಸಾಕೆಟ್ ಎಫ್ ಮಾದರಿಯದು, ಹಾಗಾಗಿ ಡಿಶ್‌ಗೆ ಹಾಕುವ ಆರ್‌ಜಿ-6 ಕೇಬಲ್ಲೇ ಸಾಕು. ಕೇಬಲ್ಲಿನ ಪ್ರತಿ ಮೀಟರಿಗೆ ಸಿಗ್ನಲ್ ಸುಮಾರು 4 ನ್ಯಾನೋಸೆಕೆಂಡ್ ತಡವಾಗುತ್ತದೆ. ಅದು ಸಮಯದ ಲೆಕ್ಕಕ್ಕೆ ಬೇಕು, ಫ್ರೀಕ್ವೆನ್ಸಿಗೆ ಬೇಡ. ಆಂಟೆನಾ ತಾರಸಿಯ ಮೇಲೆ, ತೆಂಗಿನ ಗರಿ ಅಡ್ಡ ಬಾರದ ಕಡೆ ಇರಲಿ. ಮೊದಲ ಸಲ ಚಾಲೂ ಮಾಡಿದಾಗ ಅದು ತಾನಿರುವ ಜಾಗವನ್ನು ತಾನೇ ಅಳೆದುಕೊಳ್ಳುತ್ತದೆ. ಅದು ಮುಗಿಯುವವರೆಗೆ ಮುಟ್ಟದೆ, ಮುಗಿದ ಮೇಲೆ ಆ ಜಾಗವನ್ನು ಸೇವ್ ಮಾಡಿ. ಕಾರ್ಖಾನೆಯಿಂದ ಬರುವಾಗ ಟೈಮ್ ಕಾನ್‌ಸ್ಟಂಟ್ (ಜಿಪಿಎಸ್ ನೋಡಿ ಎಷ್ಟು ನಿಧಾನವಾಗಿ ತಿದ್ದಿಕೊಳ್ಳಬೇಕು ಎಂಬ ಹೊಂದಿಕೆ) 100 ಸೆಕೆಂಡ್ ಇರುತ್ತದೆ. ಓವನ್ ಚೆನ್ನಾಗಿದ್ದರೆ 500ಕ್ಕೆ ಏರಿಸಿದಾಗ ಔಟ್‌ಪುಟ್ ಶಾಂತವಾಗುತ್ತದೆ. ದಿನಾಂಕ 1024 ವಾರ ಹಿಂದೆ ತೋರಿಸಿದರೆ ಕೆಟ್ಟಿದೆ ಅಂದುಕೊಳ್ಳಬೇಡಿ. 2017ರ ಜುಲೈ 30ರಿಂದ ಈ ಮಾದರಿ ಹಾಗೆಯೇ ತೋರಿಸುತ್ತದೆ. 10 ಮೆಗಾಹರ್ಟ್ಸ್‌ಗೂ ಸೆಕೆಂಡಿನ ಪಲ್ಸ್‌ಗೂ ಅದರಿಂದ ತೊಂದರೆಯಿಲ್ಲ.

ನಮ್ಮ ಅಕ್ಷಾಂಶಕ್ಕೆ ಸೇರಿದ ಮಾತೊಂದಿದೆ. ಮೈಸೂರು ಭೂಮಧ್ಯರೇಖೆಗೆ ಹತ್ತಿರ. ಸೂರ್ಯನ ಚಟುವಟಿಕೆ ಜೋರಿರುವ ವರ್ಷಗಳಲ್ಲಿ, ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ, ಹೊತ್ತು ಮುಳುಗಿದ ಮೇಲೆ ಅಯನೋಸ್ಫಿಯರ್ (ಮೇಲಿನ ವಾತಾವರಣದ ವಿದ್ಯುತ್ ಕಣಗಳ ಪದರ) ಕದಡಿ ಜಿಪಿಎಸ್ ಸಿಗ್ನಲ್ ನಡುಗುತ್ತದೆ. ಸೂಕ್ಷ್ಮ ಅಳತೆಯನ್ನು ಆಗ ಮಾಡದೆ ಬೆಳಗಿನ ಜಾವಕ್ಕೆ ಇಟ್ಟುಕೊಳ್ಳುವುದು ವಾಸಿ.

ರುಬಿಡಿಯಂ ಪರಮಾಣುವಿನಿಂದ ತಾಳ ಹಿಡಿಯುವ ರೆಫರೆನ್ಸ್ ಬೇಕು ಎನ್ನುವವರಿಗೆ ಎಫ್ರಾಟಮ್ ಎಲ್‌ಪಿಆರ್‌ಒ-101 ಸುಲಭವಾಗಿ ಸಿಗುತ್ತದೆ. 24 ವೋಲ್ಟ್ ಸಾಕು; ಬಿಸಿಯಾಗುವಾಗ ಒಂದೂವರೆ ಆಂಪಿಯರ್‌ಗೂ ಹೆಚ್ಚು ಎಳೆದು, ಆಮೇಲೆ ಸುಮಾರು ಅರ್ಧ ಆಂಪಿಯರ್‌ಗೆ ಇಳಿಯುತ್ತದೆ. ಇಳಿಯದಿದ್ದರೆ ಅನುಮಾನಪಡಿ. ಲಾಕ್ ಆಯಿತು (ಪರಮಾಣುವಿನ ತಾಳಕ್ಕೆ ಹೊಂದಿಕೊಂಡಿತು) ಎಂಬುದಕ್ಕಿಂತ ಒಳಗಿನ ರುಬಿಡಿಯಂ ಲ್ಯಾಂಪಿನ ವೋಲ್ಟೇಜ್ ಎಷ್ಟು ಎಂಬುದೇ ಮುಖ್ಯ. ಮಾರುವವರಿಂದ ಅದರ ಫೋಟೋ ಕೇಳಿ; 3 ವೋಲ್ಟಿಗಿಂತ ಕೆಳಗಿದ್ದರೆ ಲ್ಯಾಂಪಿನ ಆಯಸ್ಸು ಮುಗಿಯುತ್ತಾ ಬಂದಿದೆ. ತಳದ ತಟ್ಟೆಯನ್ನು ದಪ್ಪ ಅಲ್ಯುಮಿನಿಯಂ ಹೀಟ್‌ಸಿಂಕ್‌ಗೆ ಬಿಗಿಯದೆ ಗಂಟೆಗಟ್ಟಲೆ ಓಡಿಸಬಾರದು. ಸೀಸಿಯಂ ಬಳಸುವ ರೆಫರೆನ್ಸ್ ಕಡೆಗಂತೂ ಹೋಗಬೇಡಿ: ಬೀಮ್ ಟ್ಯೂಬಿನಲ್ಲಿರುವ ಸೀಸಿಯಂ ಖರ್ಚಾಗಿ ತೀರುವಂಥದ್ದು, ಹಳೇದು ಅಂದರೆ ಬಹುಪಾಲು ಖಾಲಿಯಾದದ್ದು.

ಇನ್ನು ಕೌಂಟರ್. ನನ್ನ ಆಯ್ಕೆ ಎಚ್‌ಪಿ 53131ಎ: ಒಂದು ಸೆಕೆಂಡಿನ ಅಳತೆಗೆ ಹತ್ತು ಅಂಕಿ, ಟೈಮ್ ಇಂಟರ್ವಲ್‌ನಲ್ಲಿ (ಎರಡು ಸಿಗ್ನಲ್‌ಗಳ ನಡುವಿನ ಸಮಯ ಅಳೆಯುವಾಗ) 500 ಪಿಕೋಸೆಕೆಂಡ್. 53132ಎ ಆದರೆ ಹನ್ನೆರಡು ಅಂಕಿ, 150 ಪಿಕೋಸೆಕೆಂಡ್. ಓವನ್ ಆಪ್ಷನ್ ಇರುವ ಪೆಟ್ಟಿಗೆಗೆ ಹೆಚ್ಚು ದುಡ್ಡು ಕೇಳುತ್ತಾರೆ. ಮನೆಯಲ್ಲಿ ರೆಫರೆನ್ಸ್ ಇದ್ದರೆ ಆ ದುಡ್ಡು ಉಳಿಸಿ, ಹಿಂದಿನ ಸಾಕೆಟ್ಟಿಗೆ 10 ಮೆಗಾಹರ್ಟ್ಸ್ ಕೊಟ್ಟರಾಯಿತು. ಎಚ್‌ಪಿಯದೇ 5370ಬಿ ಇವತ್ತಿಗೂ ಸೊಗಸಾದ ಯಂತ್ರ, 20 ಪಿಕೋಸೆಕೆಂಡ್ ಬಿಡಿಸಿ ತೋರಿಸುತ್ತದೆ. ಆದರೆ ಬಿಸಿ, ಫ್ಯಾನಿನ ಸದ್ದು, ಹತ್ತು ಕೆಜಿ ಮೀರಿದ ತೂಕ. ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕವನ್ನು ಸಾಗಾಟದ ಖರ್ಚನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ, ತೂಕದ ಬೆಲೆ ಎರಡು ಸಲ ತೆತ್ತಂತೆ.

ಅಂಗಡಿಗೆ ಹೋಗುವಾಗ ಮಲ್ಟಿಮೀಟರ್, ಎರಡು ಬಿಎನ್‌ಸಿ ಕೇಬಲ್, ಒಂದು ಟಿ ಜೋಡಕ ಚೀಲದಲ್ಲಿರಲಿ. "ಅಣ್ಣಾ, ಒಂದರ್ಧ ಗಂಟೆ ಪ್ಲಗ್ ಹಾಕಿ ನೋಡ್ತೀನಿ" ಅಂದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಪ್ಲಗ್ ಹಾಕುವ ಮೊದಲು ಹಿಂದುಗಡೆ ನೋಡಿ. ಅಮೆರಿಕದಿಂದ ಬಂದ ಹಳೇ ಪೆಟ್ಟಿಗೆ 115 ವೋಲ್ಟ್‌ಗೆ ಹೊಂದಿಸಿರಬಹುದು. ವೋಲ್ಟೇಜ್ ಆಯ್ಕೆಯನ್ನು 230ಕ್ಕೆ ಬದಲಿಸಿ, ಫ್ಯೂಸನ್ನೂ ಅದಕ್ಕೆ ತಕ್ಕಂತೆ ಸುಮಾರು ಅರ್ಧಕ್ಕೆ ಇಳಿಸಬೇಕು. ಮೇನ್ಸ್ ಪಕ್ಕದ ರಿಫಾ ಕಂಪನಿಯ ಕಾಗದದ ಕೆಪಾಸಿಟರ್‌ಗಳ ಹಳದಿ ಪಾರದರ್ಶಕ ಮೈಯಲ್ಲಿ ಕೂದಲೆಳೆಯ ಬಿರುಕು ಕಂಡರೆ, ಅದರೊಳಗೆ ತೇವ ಸೇರಿದೆ ಎಂದರ್ಥ. ಕರೆಂಟು ಕೊಟ್ಟ ಸ್ವಲ್ಪ ಹೊತ್ತಿಗೆ ದಟ್ಟ ಹೊಗೆ, ಕೆಟ್ಟ ವಾಸನೆ ಬರುತ್ತದೆ. ಅಷ್ಟೇ ಮೌಲ್ಯದ ಎಕ್ಸ್2 ದರ್ಜೆಯ (ಮೇನ್ಸ್‌ನ ಎರಡು ತಂತಿಗಳ ನಡುವೆ ಹಾಕುವ) ಫಿಲ್ಮ್ ಕೆಪಾಸಿಟರ್ ಹಾಕಿದರೆ ಮುಗಿಯಿತು. ಚೌಕಾಸಿಗೂ ಒಂದು ಕಾರಣ ಸಿಕ್ಕಿತು.

ಚಾಲೂ ಆದ ಮೇಲೆ ಚಾನೆಲ್ ಎ ಅನ್ನು 50 ಓಮ್, ಡಿಸಿಗೆ ಇಟ್ಟು ಸಾಕೆಟ್ಟಿನಲ್ಲಿ ಮಲ್ಟಿಮೀಟರ್ ಹಿಡಿಯಿರಿ. 50ರ ಹತ್ತಿರ ಬರಬೇಕು. ಹಿಂದಿನ ಮಾಲೀಕರು ಟ್ರಾನ್ಸ್‌ಮಿಟರ್ ಔಟ್‌ಪುಟ್ಟನ್ನೇ ಕೊಟ್ಟು ಒಳಗಿನ ರೆಸಿಸ್ಟರ್ ಸುಟ್ಟಿದ್ದರೆ ಅಲ್ಲೇ ಗೊತ್ತಾಗುತ್ತದೆ. ಚಾನೆಲ್ ಬಿಗೂ ಇದೇ. ಆಮೇಲೆ ಹಿಂದಿನ 10 ಮೆಗಾಹರ್ಟ್ಸ್ ಔಟ್‌ಪುಟ್ಟನ್ನು ಚಾನೆಲ್ ಎಗೆ ಕೊಡಿ: 10 ಮೆಗಾಹರ್ಟ್ಸ್ ಕರಾರುವಾಕ್ಕಾಗಿ ಬರಬೇಕು, ಕೊನೆಯ ಅಂಕಿ ಮಾತ್ರ ಅಲುಗಬಹುದು. ಅಂಗಡಿಯವರು ಇದನ್ನು ತೋರಿಸಿ "ನೋಡಿ ಸಾರ್, ಎಷ್ಟು ಆಕ್ಯುರೇಟ್" ಅನ್ನುತ್ತಾರೆ. ಯಂತ್ರ ತನ್ನನ್ನು ತಾನೇ ಅಳೆದುಕೊಂಡರೆ ಎಣಿಕೆ ಸರಿಯಿದೆ ಅಂತ ತಿಳಿಯುತ್ತದೆಯೇ ಹೊರತು ಕ್ರಿಸ್ಟಲ್ ಸರಿಯಿದೆ ಅಂತಲ್ಲ. ಕೊನೆಗೆ ಅದೇ ಸಿಗ್ನಲ್ಲನ್ನು ಟಿಯಿಂದ ಸೀಳಿ, ಸಮ ಉದ್ದದ ಕೇಬಲ್‌ಗಳಲ್ಲಿ ಎ, ಬಿ ಎರಡಕ್ಕೂ ಕೊಟ್ಟು ಟೈಮ್ ಇಂಟರ್ವಲ್ ಓದಿ. ಬಿ ಕಡೆಗೆ ಇನ್ನೆರಡು ಮೀಟರ್ ಆರ್‌ಜಿ-58 ಸೇರಿಸಿದಾಗ ಓದು ಸುಮಾರು 10 ನ್ಯಾನೋಸೆಕೆಂಡ್ ಸರಿದರೆ ಇಂಟರ್‌ಪೊಲೇಟರ್ (ಒಂದು ಎಣಿಕೆಗಿಂತ ಸಣ್ಣ ಸಮಯ ಬಿಡಿಸುವ ಭಾಗ) ಬದುಕಿದೆ.

ಓವನ್ ಇರುವ ಎಚ್‌ಪಿ ಪೆಟ್ಟಿಗೆಗಳಲ್ಲಿ 10811 ಆಸಿಲೇಟರ್ ಇದ್ದರೆ ಅರ್ಧ ಗಂಟೆಯ ಮೇಲೆ ಅದರ ಡಬ್ಬಿ ಮುಟ್ಟಿ ನೋಡಿ. ತಣ್ಣಗೇ ಇದ್ದು, ಫ್ರೀಕ್ವೆನ್ಸಿ ಬಹಳ ತಪ್ಪಿದ್ದರೆ, ಬಹಳ ಸಲ ಒಳಗಿನ ಥರ್ಮಲ್ ಫ್ಯೂಸ್ ಹೋಗಿರುತ್ತದೆ. ಅದೊಂದನ್ನು ಬದಲಿಸಿದರೆ ಮತ್ತೆ ಏಳುತ್ತದೆ, ಆದ್ದರಿಂದ ಕಡಿಮೆ ಬೆಲೆಗೆ ಸಿಕ್ಕರೆ ಬಿಡಬೇಡಿ.

ಮನೆಗೆ ತಂದ ಓವನ್ನನ್ನು ಕನಿಷ್ಠ ಒಂದು ದಿನ ಬಿಸಿಯಾಗಲು ಬಿಟ್ಟು ಆಮೇಲೆ ತಿದ್ದಬೇಕು. ಅದಕ್ಕೆ ಕೌಂಟರ್ ಕೂಡ ಬೇಡ. ಆಸಿಲೋಸ್ಕೋಪಿನ ಟ್ರಿಗರ್‌ಗೆ ಥಂಡರ್‌ಬೋಲ್ಟ್‌ನ 10 ಮೆಗಾಹರ್ಟ್ಸ್, ಚಾನೆಲ್‌ಗೆ ಓವನ್ನಿನದು. ಅಲೆ ಪೂರ್ತಿ ಒಂದು ಸುತ್ತು, ಅಂದರೆ 100 ನ್ಯಾನೋಸೆಕೆಂಡ್, ಸರಿಯಲು 100 ಸೆಕೆಂಡ್ ತೆಗೆದುಕೊಂಡರೆ ತಪ್ಪು ನೂರು ಕೋಟಿಗೆ ಒಂದು. 1000 ಸೆಕೆಂಡ್ ಆದರೆ ಸಾವಿರ ಕೋಟಿಗೆ ಒಂದು. ಓವನ್ನಿನ ಫ್ರೀಕ್ವೆನ್ಸಿ ತಿದ್ದುವ ಸ್ಕ್ರೂ ಒಂದಿಷ್ಟೇ ತಿರುಗಿಸಿ, ಹತ್ತು ನಿಮಿಷ ಕಾದು ಮತ್ತೆ ನೋಡಿ. ಕರೆಂಟು ಹೋಗಿ ಬಂದರೆ ಓವನ್ ಮತ್ತೆ ನೆಲೆಗೊಳ್ಳುವವರೆಗೆ ಅಳತೆ ನಂಬುವಂತಿಲ್ಲ, ಹಾಗಾಗಿ ಓವನ್ ಮತ್ತು ಥಂಡರ್‌ಬೋಲ್ಟ್ ಎರಡನ್ನೂ ಬ್ಯಾಟರಿಯ ಮೇಲೆ ಇಡಿ. ಕೌಂಟರ್ ಆರಿದರೆ ಪರವಾಗಿಲ್ಲ.