ಸದಸ್ಯರೊಬ್ಬರಿಗೆ ಹೃದಯದ ಶಸ್ತ್ರಚಿಕಿತ್ಸೆಯಾದಾಗ ಸಭೆಯವರು ಮಾಡಬೇಕಾದ ಕೆಲಸ

ನಮ್ಮ ಕ್ರೈಸ್ತ ಸಭೆಯ ದೇವಾಲಯದಲ್ಲಿ ಬಹಳ ವರ್ಷ ಭಾನುವಾರದ ಗಂಟೆ ಬಾರಿಸುತ್ತಿದ್ದ ಹಿರಿಯರೊಬ್ಬರು ಬೈಪಾಸ್ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದ ದಿನ, ಸಂಜೆಯೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಅವರನ್ನು ನೋಡಲು ಹೋದೆವು. ಅಷ್ಟು ದಿನವೂ ಆಸ್ಪತ್ರೆಯ ವರಾಂಡದಲ್ಲಿ ನಿದ್ದೆಗೆಟ್ಟಿದ್ದ ಅವರ ಹೆಂಡತಿ ಬಂದವರಿಗೆಲ್ಲ ಕಾಫಿ ಮಾಡಿಕೊಡುತ್ತ ಅಡುಗೆಮನೆಯಲ್ಲೇ ನಿಂತಿದ್ದರು. ಮೂರು ವಾರ ಕಳೆದು ಗಾಯ ತೋರಿಸಲು ಆಸ್ಪತ್ರೆಗೆ ಹೋಗಬೇಕಾದಾಗ ಕಾರು ತರುವವರು ಒಬ್ಬರೂ ಸಿಗಲಿಲ್ಲ. ಈ ತಪ್ಪು ಮತ್ತೆ ಆಗಬಾರದೆಂದು ನಾವು ರೂಢಿಸಿಕೊಂಡ ಕ್ರಮವನ್ನು ಬೇರೆ ಸಭೆಗಳಿಗೂ ಉಪಯೋಗವಾಗಲೆಂದು ಇಲ್ಲಿ ಬರೆದಿದ್ದೇನೆ. ಶಸ್ತ್ರಚಿಕಿತ್ಸೆಗಾಗಿ ಸೀಳಿದ ಎದೆಮೂಳೆ ಚೆನ್ನಾಗಿ ಕೂಡಿಕೊಳ್ಳಲು ಸಾಮಾನ್ಯವಾಗಿ ಎರಡರಿಂದ ಮೂರು ತಿಂಗಳು ಬೇಕಾಗುವುದರಿಂದ, ಸಭೆಯ ನೆರವನ್ನೂ ಮೂರು ತಿಂಗಳಿಗೆ ಹಂಚಿಡಬೇಕು.

ಎಲ್ಲಕ್ಕಿಂತ ಮೊದಲು ರೋಗಿಯ ಒಪ್ಪಿಗೆ ಪಡೆಯಬೇಕು. ಅಸ್ವಸ್ಥನಾದವನು ಸಭೆಯ ಹಿರಿಯರನ್ನು ತಾನೇ ಕರೆಸಿಕೊಳ್ಳಲಿ ಎಂದು ಬೈಬಲಿನ ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿದೆ; ಕರೆಯುವ ಹಕ್ಕು ಅವನದು ಎಂಬುದನ್ನು ನಾವು ಎಷ್ಟೋ ಸಲ ಮರೆಯುತ್ತೇವೆ. ಕಾಯಿಲೆಯ ಯಾವ ವಿವರವನ್ನು ಆರಾಧನೆಯಲ್ಲಿ ಹೇಳಬಹುದು, ಯಾವುದನ್ನು ಹೇಳಬಾರದು ಎಂದು ಸಭಾಪಾಲಕರು ಅವರನ್ನೇ ಕೇಳಿ ತಿಳಿದುಕೊಳ್ಳಬೇಕು. ಐಸಿಯುನಲ್ಲಿ ಮಲಗಿರುವವರ ಫೋಟೋ ವಾಟ್ಸಾಪ್ ಗುಂಪಿಗೆ ಎಂದಿಗೂ ಹೋಗಬಾರದು. ಅನಂತರ ಮನೆಯವರ ಜೊತೆ ಮಾತಾಡುವ ಕೆಲಸವನ್ನು ಒಬ್ಬರಿಗೆ ಮಾತ್ರ ವಹಿಸಬೇಕು. ಉಳಿದವರೆಲ್ಲ ಆ ಒಬ್ಬರಿಗೆ ಫೋನ್ ಮಾಡಿದರೆ, ಮನೆಯವರು ಒಂದೇ ಸುದ್ದಿಯನ್ನು ದಿನಕ್ಕೆ ಮೂವತ್ತು ಸಲ ಹೇಳುವ ಕಷ್ಟ ತಪ್ಪುತ್ತದೆ.

ಶಸ್ತ್ರಚಿಕಿತ್ಸೆಗೆ ಮುಂಚಿನ ದಿನಗಳಲ್ಲಿ ಹೆಚ್ಚು ಓಡಾಟವಿರುವುದು ಕಾಗದಪತ್ರಗಳಿಗೆ ಮತ್ತು ರಕ್ತಕ್ಕೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ. ರೇಷನ್ ಕಾರ್ಡ್, ಆಧಾರ್ ಮತ್ತು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನು ಮೊದಲೇ ಹೊಂದಿಸಿಕೊಂಡು ಹೊರಟರೆ ಬೆಂಗಳೂರು, ಮೈಸೂರು ಅಥವಾ ಕಲಬುರಗಿಯ ಜಯದೇವ ಆಸ್ಪತ್ರೆಯ ಕೌಂಟರಿನ ಮುಂದೆ ಒಂದು ದಿನ ಹಾಳಾಗುವುದಿಲ್ಲ. ಕಚೇರಿಯ ಕೆಲಸ ಬಲ್ಲ ಸದಸ್ಯರೊಬ್ಬರು ಜೊತೆಗೆ ಹೋಗುವುದು ಒಳ್ಳೆಯದು. ರಕ್ತದಾನಕ್ಕೆ ಯುವಜನರ ಕೂಟದಲ್ಲಿ ಒಂದು ಪಟ್ಟಿ ಸಿದ್ಧವಿರಲಿ. ದಾನಿಗೆ 18 ವರ್ಷ ತುಂಬಿರಬೇಕು, ತೂಕ 45 ಕಿಲೋಗೆ ಕಡಿಮೆ ಇರಬಾರದು. ಹಿಂದಿನ ದಾನವಾಗಿ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಕಳೆದಿರಬೇಕು. ಸಭೆಯಲ್ಲಿ ಉಪವಾಸ ಪ್ರಾರ್ಥನೆ ಇಟ್ಟುಕೊಂಡರೆ ರೋಗಿಯನ್ನು ಉಪವಾಸಕ್ಕೆ ಸೇರಿಸಿಕೊಳ್ಳಬಾರದು, ಮಾತ್ರೆ ಬಿಡುವಂತೆಯಂತೂ ಯಾರೂ ಹೇಳಕೂಡದು.

ಯೋಜನೆಯಲ್ಲಿ ಸೇರದ ಖರ್ಚುಗಳೇ ಬಡ ಕುಟುಂಬವನ್ನು ಬಗ್ಗಿಸುತ್ತವೆ: ಜೊತೆಗಿರುವವರ ಊಟ, ಬಸ್ ಚಾರ್ಜು, ಕಳೆದುಹೋದ ದಿನಗೂಲಿ, ಮನೆಗೆ ಬಂದ ಮೇಲಿನ ಮಾತ್ರೆಗಳು. ವಿಶೇಷ ಕಾಣಿಕೆ ಎತ್ತುವುದಾದರೆ ಖಜಾಂಚಿಯ ಮೂಲಕ ರಸೀದಿಯೊಡನೆ ಎತ್ತಿ, ಮೂರು ಕಂತುಗಳಲ್ಲಿ ತಲುಪಿಸಬೇಕು. ಇಷ್ಟು ಹಣ ಕೊಟ್ಟೆವೆಂದು ಪುಲ್ಪಿಟ್ಟಿನಿಂದ ಹೇಳುವುದು ಬೇಡ.

ಆಸ್ಪತ್ರೆಯಲ್ಲಿ ಭೇಟಿ ಚಿಕ್ಕದಾಗಿರಬೇಕು. ಇಬ್ಬರು ಹೋಗಿ, ಕೈ ತೊಳೆದುಕೊಂಡು, ಮೆಲುದನಿಯಲ್ಲಿ ಎರಡು ನಿಮಿಷ ಪ್ರಾರ್ಥಿಸಿ ಬಂದರೆ ಸಾಕು. ಪಕ್ಕದ ಮಂಚಗಳಲ್ಲಿ ಬೇರೆ ನಂಬಿಕೆಯ ರೋಗಿಗಳೂ ಮಲಗಿರುತ್ತಾರೆ. ನೆಗಡಿ, ಕೆಮ್ಮು ಇರುವವರು ಹೋಗಲೇಬಾರದು. ಹೋದವರು ರೋಗಿಗಿಂತ ಹೆಚ್ಚಾಗಿ ಹೊರಗೆ ಕುಳಿತ ಹೆಂಡತಿಯನ್ನೋ ಮಗನನ್ನೋ ನೋಡಿಕೊಳ್ಳಬೇಕು. ಒಂದು ರಾತ್ರಿ ಅವರ ಬದಲು ತಾನು ಕುಳಿತು, ಅವರನ್ನು ಸ್ನಾನಕ್ಕೂ ನಿದ್ದೆಗೂ ಕಳುಹಿಸುವ ಮನುಷ್ಯನಿಗಿಂತ ದೊಡ್ಡ ಸಹಾಯ ಆ ಹೊತ್ತಿನಲ್ಲಿ ಇನ್ನೊಂದಿಲ್ಲ.

ಮನೆಗೆ ಬಂದ ಮೇಲೆ ಸಭೆಯವರು ಕಲಿಯಬೇಕಾದದ್ದು ಬಹಳಷ್ಟಿದೆ. ನಮ್ಮವರಿಗೆ ರೋಗಿಯ ಎರಡೂ ಕೈ ಹಿಡಿದು ಎಳೆದು ಎಬ್ಬಿಸುವ ಅಭ್ಯಾಸ. ಕೂಡುತ್ತಿರುವ ಎದೆಮೂಳೆಗೆ ಇದು ಅಪಾಯ. ಅವರು ಪಕ್ಕಕ್ಕೆ ಹೊರಳಿ, ಕಾಲು ಕೆಳಗಿಟ್ಟು, ಕೈ ಊರದೆ ತಾವಾಗಿ ಏಳಬೇಕು. ನಾವು ಬೆನ್ನಿಗೆ ಅಂಗೈ ಕೊಟ್ಟರೆ ಸಾಕು. ಕೆಮ್ಮು ಬಂದಾಗ ದಿಂಬೊಂದನ್ನು ಎದೆಗೆ ಅವಚಿಕೊಂಡರೆ ನೋವು ತಗ್ಗುತ್ತದೆ. ತುಂಬಿದ ಕೊಡ, ಅಕ್ಕಿ ಚೀಲ, ಮೊಮ್ಮಗು ಯಾವುದನ್ನೂ ಎತ್ತುವಂತಿಲ್ಲ. ಬೈಕ್ ಓಡಿಸುವುದು ಸರ್ಜನ್ ಒಪ್ಪುವ ತನಕ ಬೇಡ. ಕುಕ್ಕರಗಾಲಿನ ಶೌಚಾಲಯವಿರುವ ಮನೆಗೆ ಕಮೋಡ್ ಕುರ್ಚಿ ಅತ್ಯಗತ್ಯ. ಸಭೆಯೇ ಒಂದನ್ನು ಕೊಂಡಿಟ್ಟರೆ ಮನೆಯಿಂದ ಮನೆಗೆ ಕೊಡುತ್ತ ಹೋಗಬಹುದು.

ಊಟ ಕಳುಹಿಸುವುದನ್ನು ಸ್ತ್ರೀಯರ ಕೂಟದವರು ವಾರಕ್ಕೆ ಮೂರು ದಿನದಂತೆ ಹಂಚಿಕೊಂಡರೆ ಮೂರು ತಿಂಗಳೂ ನಡೆಯುತ್ತದೆ. ಕ್ಯಾರಿಯರಿನಲ್ಲಿ ಉಪ್ಪಿನಕಾಯಿ, ಹಪ್ಪಳ, ಒಣಮೀನು ಇರಬಾರದು. ಸಾರಿಗೆ ಉಪ್ಪು ಕಡಿಮೆ ಹಾಕಿ, ಮನೆಮಂದಿಗೆಲ್ಲ ಸಾಲುವಷ್ಟು ಕಳುಹಿಸಬೇಕು. ಕೃತಕ ಕವಾಟ ಹಾಕಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸಿಟ್ರೋಮ್ ಮಾತ್ರೆ ನುಂಗುವವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಮಾತ್ರೆಯ ಬಲವನ್ನು ತಗ್ಗಿಸುವುದರಿಂದ, ಒಂದು ವಾರ ದಿನವೂ ಬಸ್ಸಾರು, ಮುಂದಿನ ವಾರ ಸೊಪ್ಪೇ ಇಲ್ಲ ಎಂದಾಗಬಾರದು. ಪ್ರಮಾಣ ಒಂದೇ ಸಮನಾಗಿರಬೇಕು. ಅಂಥವರಿಗೆ ಯಾರೂ ತಮ್ಮ ಮನೆಯ ನೋವಿನ ಮಾತ್ರೆಯನ್ನಾಗಲಿ ಕಷಾಯವನ್ನಾಗಲಿ ಕೊಡಬಾರದು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವ ಐಎನ್‌ಆರ್ ಪರೀಕ್ಷೆಯ ದಿನ ಕರೆದೊಯ್ಯುವವರು ಯಾರೆಂದು ಮುಂಚೆಯೇ ಗೊತ್ತುಮಾಡಿರಬೇಕು.

ವೈದ್ಯರು ಹೇಳಿದಷ್ಟು ನಡೆಯುವುದೂ ಚಿಕಿತ್ಸೆಯೇ. ಬೆಳಿಗ್ಗೆ ನಿಗದಿಯಾದ ಹೊತ್ತಿಗೆ ಒಬ್ಬರು ಬಾಗಿಲಲ್ಲಿ ಬಂದು ನಿಂತರೆ ರೋಗಿ ತಪ್ಪಿಸಿಕೊಳ್ಳುವುದಿಲ್ಲ; ನಡೆಯುತ್ತ ಮಾತಾಡಲು ಉಸಿರು ಸಾಲದಿದ್ದರೆ ನಡಿಗೆ ನಿಧಾನಿಸಬೇಕು. ಈ ವಾರಗಳಲ್ಲಿ ಕಾರಣವಿಲ್ಲದೆ ಅಳು ಬರುವುದು, ಪ್ರಾರ್ಥಿಸಲು ಮನಸ್ಸಾಗದಿರುವುದು ಅನೇಕರಿಗೆ ಆಗುತ್ತದೆ. ಅದನ್ನು ಅವಿಶ್ವಾಸವೆನ್ನುವುದು ಕ್ರೂರವಾದ ಮಾತು. ಸುಮ್ಮನೆ ಪಕ್ಕದಲ್ಲಿ ಕುಳಿತು ಕೇಳಬೇಕು. ಎರಡು ವಾರವಾದರೂ ಮಂಕು ಕಳೆಯದಿದ್ದರೆ ವೈದ್ಯರಿಗೆ ತಿಳಿಸಬೇಕು. ಜ್ವರ, ಗಾಯದಲ್ಲಿ ಕೀವು, ಎದೆಮೂಳೆಯಲ್ಲಿ ಕಟಕಟ ಸದ್ದು, ಒಂದೆರಡು ದಿನದಲ್ಲೇ ಏರುವ ತೂಕ ಅಥವಾ ಕಾಲಿನ ಊತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಎದೆನೋವು ಅಥವಾ ಉಸಿರಾಡಲು ಕಷ್ಟ ಬಂದರೆ ಸಭಾಪಾಲಕರಿಗೆ ಫೋನ್ ಮಾಡುವ ಮೊದಲು 108ಕ್ಕೆ ಮಾಡಬೇಕು.

ಆರಾಧನೆಗೆ ಮರಳುವ ಮೊದಲ ಭಾನುವಾರ ಅವರಿಗಾಗಿ ಬಾಗಿಲ ಹತ್ತಿರ ಒರಗುವ ಕುರ್ಚಿ ಹಾಕಿರಬೇಕು. ಅರ್ಧಕ್ಕೆ ಎದ್ದುಹೋದರೆ ಯಾರೂ ತಿರುಗಿ ನೋಡಬಾರದು, ಅಪ್ಪಿಕೊಳ್ಳುವ ಬದಲು ಕೈಮುಗಿಯಬೇಕು. ನಮ್ಮ ಹಿರಿಯರು ಬಂದವರೇ ಗಂಟೆಯ ಹಗ್ಗದತ್ತ ಹೋದರು. ಕೈ ಎತ್ತಿ ಎಳೆಯುವ ಆ ಕೆಲಸಕ್ಕೆ ಸರ್ಜನ್ ಇನ್ನೂ ಅಪ್ಪಣೆ ಕೊಟ್ಟಿರಲಿಲ್ಲವಾದ್ದರಿಂದ, ಯುವಜನರ ಕೂಟದ ಹುಡುಗನೊಬ್ಬ ಹಗ್ಗ ಹಿಡಿದ, ಅವರು ಪಕ್ಕದಲ್ಲಿ ನಿಂತು ಎಣಿಸಿದರು. ನಾಲ್ಕನೆಯ ತಿಂಗಳವರೆಗೂ ಹಾಗೆಯೇ ನಡೆಯಿತು.